ಹರಳೆಣ್ಣೆ ಹಚ್ಚದ ರಿಂಗು

"ಆ ಮುದುಕ ಕಾರು ಮುಟ್ಟಿದ್ರೆ ಇಲ್ಲೇ ಕೈ ಮುರೀತೀನಿ ಸಾರ್, ಆಮೇಲೆ ನನ್ನ ಮೇಲೂ ಕೇಸು ಹಾಕ್ಕೊಳ್ಳಿ" ಎಂದ ಲೋಕೇಶ.

ಅವನು ಹೇಳಿದ್ದು ಎಸ್ಸೈಗೆ, ಬೆರಳು ತೋರಿಸಿದ್ದು ಚಿಕ್ಕಬೀರಪ್ಪನ ಕಡೆಗೆ. ಸೊರಬದ ಠಾಣೆಯ ಹಿಂದಿನ ಬಯಲಿನಲ್ಲಿ, ಮುಂಭಾಗ ಸುಟ್ಟು ಕರಕಲಾದ ಕೆಂಪು ಕಾರಿನ ಸುತ್ತ, ಬೆಳಗಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ನಾವೆಲ್ಲ ನಿಂತಿದ್ದೆವು. ಚಿಕ್ಕಬೀರಪ್ಪ ನಾಲ್ಕು ಹೆಜ್ಜೆ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಮುಟ್ಟುವುದಿರಲಿ, ಅವನು ಕಾರಿನ ಕಡೆ ನೋಡುತ್ತಲೂ ಇರಲಿಲ್ಲ.

ಹನ್ನೆರಡು ದಿನಗಳ ಹಿಂದೆ ಉಳವಿಯ ಹತ್ತಿರ, ಕೊಯ್ಲಾದ ಗದ್ದೆಬಯಲಿನಲ್ಲಿ ನಡೆದ ರೇಸಿನಲ್ಲಿ ಈ ಕಾರಿಗೆ ಬೆಂಕಿ ಹೊತ್ತಿ ಲೋಕೇಶನ ತಮ್ಮ ಮಲ್ಲಿಕಾರ್ಜುನ್ ಒಳಗೇ ಸತ್ತಿದ್ದ. ಎಂಜಿನ್ ಸಿದ್ಧಮಾಡಿಕೊಟ್ಟಿದ್ದು ಶಿಕಾರಿಪುರದ ಮೆಕ್ಯಾನಿಕ್ ಚಿಕ್ಕಬೀರಪ್ಪ. ಸೋಮವಾರದವರೆಗೆ ಅವನಿಗೆ ಜಾಮೀನು. ಸೋಮವಾರ ನ್ಯಾಯಾಲಯದಲ್ಲಿ ನಾವು ಹೊಸದೇನೂ ಹೇಳದಿದ್ದರೆ ಜೈಲು ಖಂಡಿತ ಎಂದು ನಮ್ಮ ವಕೀಲರು ಮುಖ ನೋಡದೆ ಹೇಳಿದ್ದರು.

ನಾನು ರಮಾಬಾಯಿ. ಇಪ್ಪತ್ತೆಂಟು ವರ್ಷ ಖಾಕಿ ಹಾಕಿ ನಿವೃತ್ತಳಾಗಿ, ಈಗ ವಕೀಲರಿಗೆ ಬೇಕಾದ ವಿಚಾರಣೆ ಮಾಡಿಕೊಡುತ್ತೇನೆ. ಅಪ್ಪನನ್ನು ಬಿಡಿಸಿಕೊಡಿ ಎಂದು ಚಿಕ್ಕಬೀರಪ್ಪನ ಮಗಳು ನಯನ ಅಳುತ್ತ ಬಂದಾಗ ಒಪ್ಪಿಕೊಂಡಿದ್ದೆ. ಒಪ್ಪಿಕೊಂಡಾಗಿನಿಂದ ಅವಳ ಅಪ್ಪನಿಗೆ ನಾನು ಕಣ್ಣಿಗೆ ಬಿದ್ದ ಕಸ. ಶಿಕಾರಿಪುರದಿಂದ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಬಂದವನು ಶಿರಾಳಕೊಪ್ಪ ದಾಟಿದ ಮೇಲೆ ಒಂದೇ ಮಾತಾಡಿದ್ದ.

"ನನ್ ಮಗ್ಳು ಕರದಾಳಂತ ಬಂದೀರಿ. ನಾ ಕರದಿಲ್ರಿ."

ಇಂಥ ಮರ್ಯಾದೆ ನನಗೆ ಹೊಸದಲ್ಲ. ಆದರೆ ತಪ್ಪು ಮಾಡದವನು ಬೈಯುತ್ತಾನೆ, ಕೂಗಾಡುತ್ತಾನೆ, ದೇವರ ಮೇಲೆ ಆಣೆ ಇಡುತ್ತಾನೆ. ಇವನು ಒಂದೂ ಮಾಡಿರಲಿಲ್ಲ. ಅದೇ ನನಗೆ ಸಿಟ್ಟು ತರಿಸಿತ್ತು.

ನ್ಯಾಯಾಲಯ ನಮಗೆ ಕಾರು ನೋಡಲು ಕೊಟ್ಟಿದ್ದು ಒಂದು ಗಂಟೆ. ಪೊಲೀಸರೇ ಕರೆಸಿದ್ದ ಒಬ್ಬ ಮೆಕ್ಯಾನಿಕ್ ಬಾನೆಟ್ಟಿನೊಳಗೆ ತಲೆ ಹಾಕಿ ಬೋಲ್ಟು ಬಿಚ್ಚತೊಡಗಿದ. ಅವನು ಬಿಚ್ಚುತ್ತಿದ್ದದ್ದು ರೈಲು, ಎಂದರೆ ಒತ್ತಡದಲ್ಲಿ ಪೆಟ್ರೋಲು ತರುವ ಕೊಳವೆ. ಅದರ ಕೆಳಗೆ ಸಾಲಾಗಿ ನಾಲ್ಕು ಇಂಜೆಕ್ಟರುಗಳು. ಕಾರಿನ ಜೊತೆ ಬಂದವನ್ನು ಕಿತ್ತೆಸೆದು, ಅವಕ್ಕಿಂತ ಹೆಚ್ಚು ಪೆಟ್ರೋಲು ಚಿಮ್ಮುವ ಇವನ್ನು ಹೊರಗಿನಿಂದ ತರಿಸಿದ್ದ ಮಲ್ಲಿಕಾರ್ಜುನ್. ಗಾಡಿ ಹಾರಬೇಕಿತ್ತು ಅವನಿಗೆ.

ಪ್ರತಿ ಇಂಜೆಕ್ಟರಿನ ತಲೆಗೆ ಒಂದು ರಬ್ಬರ್ ರಿಂಗು. ಅದು ರೈಲಿನ ಬಾಯಲ್ಲಿ ಬಿಗಿಯಾಗಿ ಕೂತರೆ ಒಂದು ಹನಿಯೂ ಹೊರಗೆ ಬರುವುದಿಲ್ಲ. ಒಣಗಿದ್ದನ್ನೇ ಒತ್ತಿದರೆ ತಿರುಚಿ ಹರಿಯುತ್ತದೆ, ಅದಕ್ಕೇ ಎಣ್ಣೆ ಹಚ್ಚಿ ಕೂರಿಸಬೇಕು. ಪುಸ್ತಕದ ಪ್ರಕಾರ ಒಂದು ತೊಟ್ಟು ಎಂಜಿನ್ ಆಯಿಲ್. ಚಿಕ್ಕಬೀರಪ್ಪನ ಪ್ರಕಾರ ಹರಳೆಣ್ಣೆ.

ದಾವಣಗೆರೆಯ ಬಸ್ ಗ್ಯಾರೇಜಿನಲ್ಲಿ ಅವನ ಗುರು ಕಲಿಸಿದ ಪಾಠ ಅದು. ರಿಂಗನ್ನು ಹರಳೆಣ್ಣೆಯಲ್ಲಿ ಅದ್ದಿ, ಹೆಬ್ಬೆರಳಿನಲ್ಲಿ ಒಂದು ಸುತ್ತು ಉರುಳಿಸಿ, ಒರೆಸದೆ ಹಾಗೇ ಕೂರಿಸುವುದು. ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಬಿಟ್ಟವನಲ್ಲ. ಊರಿನ ಹೊಸ ಮೆಕ್ಯಾನಿಕ್ಕುಗಳು ಅವನನ್ನು ಹರಳೆಣ್ಣೆ ಬೀರಣ್ಣ ಎಂದು ಆಡಿಕೊಳ್ಳುತ್ತಿದ್ದರು. ಈಗ ವಿಮೆಯವರ ತಜ್ಞ ಎಂಜಿನ್ ಬಿಚ್ಚದೆಯೇ ಅದನ್ನೇ ವರದಿಯಲ್ಲಿ ಬರೆದಿದ್ದ: ಪುಸ್ತಕದಲ್ಲಿಲ್ಲದ ಎಣ್ಣೆ ಹಚ್ಚಿದ್ದರಿಂದ ರಿಂಗು ಕೆಟ್ಟಿತು, ಪೆಟ್ರೋಲು ಸೋರಿತು, ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಹೊತ್ತಿತು. ಕೇಸಿನ ಬೆನ್ನೆಲುಬು ಅದೇ.

ರೈಲು ಹೊರಗೆ ಬಂತು. ಮೆಕ್ಯಾನಿಕ್ ಅದನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ, ಇಂಜೆಕ್ಟರುಗಳನ್ನು ಒಂದೊಂದಾಗಿ ಎಳೆದಿಟ್ಟ. ನಾನು ಕನ್ನಡಕ ಏರಿಸಿಕೊಂಡು ನೆಲಕ್ಕೆ ಮಂಡಿಯೂರಿದೆ.

"ಈಗ ಮುಸುರೆ ತಿಕ್ಕಾಕೂ ಕೂರ್ತಾಳೆ ಈ ಮುದುಕಿ" ಎಂದು ಲೋಕೇಶ ಗೊಣಗಿದ. ನನಗೆ ಕೇಳಲಿ ಎಂದೇ ಗೊಣಗಿದ್ದು.

ಬೆಂಕಿ ಬಲಗಡೆ ಹೊತ್ತಿದ್ದರಿಂದ ಎಂಜಿನ್ನಿನ ಎಡಭಾಗ ಅಷ್ಟಾಗಿ ಸುಟ್ಟಿರಲಿಲ್ಲ. ಮೊದಲ ಮೂರು ಇಂಜೆಕ್ಟರುಗಳ ರಿಂಗು ಕಂದುಬಣ್ಣದ್ದು, ಇಡಿಯಾಗಿತ್ತು. ಮೇಲೆ ಜೇನಿನ ಬಣ್ಣದ ತೆಳು ಪದರ. ಸೀರೆಯ ಪಿನ್ನು ತೆಗೆದು ಕೆರೆದು ನೋಡಿದೆ. ಬಾಣಲೆಯ ಅಂಚಿಗೆ ಹಿಡಿದ ಜಿಗುಟಿನ ಹಾಗೆ ಎದ್ದು ಬಂತು. ಹರಳೆಣ್ಣೆ ಕಾಯ್ದು ಗಟ್ಟಿಯಾದದ್ದು. ಅಲ್ಲಿ ಒಂದು ಹನಿಯೂ ಸೋರಿರಲಿಲ್ಲ.

ನಾಲ್ಕನೆಯದರ ತಲೆ ಬರಿದು. ಅದರ ರಿಂಗಿನ ಅರ್ಧ ಸುಟ್ಟುಹೋಗಿತ್ತು, ಇನ್ನರ್ಧ ರೈಲಿನ ಬಾಯೊಳಗೇ ಸಿಕ್ಕಿಕೊಂಡಿತ್ತು. ಮೆಕ್ಯಾನಿಕ್ ಅದನ್ನು ಚಿಮಟದಲ್ಲಿ ಎಳೆದು ಬಟ್ಟೆಯ ಮೇಲಿಟ್ಟ. ಬೆಂಕಿ ಮುಟ್ಟದ ಆ ಅರ್ಧ ಕಪ್ಪಗಿತ್ತು, ಊದಿಕೊಂಡು ಮೆತ್ತಗಾಗಿತ್ತು. ಪಿನ್ನಿನಲ್ಲಿ ಕೆರೆದೆ. ಎಣ್ಣೆಯ ಪದರವಿಲ್ಲ.

"ಸಾಹೇಬ್ರೆ, ಇದು ಬೇರೆ ರಿಂಗು" ಎಂದೆ.

ಸುಟ್ಟದ್ದೆಲ್ಲ ಕಪ್ಪೇ ಎಂದರು ಎಸ್ಸೈ. ಬಾಯೊಳಗಿದ್ದದ್ದು ಸುಟ್ಟಿಲ್ಲ, ಅದರ ಪಕ್ಕದ ಲೋಹವೂ ಬಣ್ಣಗೆಟ್ಟಿಲ್ಲ ಎಂದು ತೋರಿಸಿದೆ. ಅವರು ಬಗ್ಗಿ ನೋಡಿದರು, ಎದ್ದು ನಿಂತು ಮತ್ತೊಮ್ಮೆ ಬಗ್ಗಿದರು. ಮನುಷ್ಯ ಒರಟನಾದರೂ ಕಣ್ಣು ಸರಿಯಿತ್ತು.

ನಾಲ್ಕು ಹೆಜ್ಜೆ ದೂರದಿಂದ ಚಿಕ್ಕಬೀರಪ್ಪ ಕೇಳಿದ, "ಅದರ ಮ್ಯಾಲೆ ಎಣ್ಣಿ ಇಲ್ಲೇನ್ರಿ?"

"ಇಲ್ಲ ಬೀರಣ್ಣ."

"ಮೂರರ ಮ್ಯಾಲೆ ಐತೇನು?"

"ಮೂರರ ಮ್ಯಾಲೂ ಐತಿ. ಮೂರೂ ಸೋರಿಲ್ಲ."

ಅವನು ಅಲ್ಲೇ ಕುಕ್ಕರಿಸಿ ಮುಖ ಮುಚ್ಚಿಕೊಂಡ. ಆಗ ನನಗೆ ಅರ್ಥವಾಯಿತು, ನಾಚಿಕೆಯೂ ಆಯಿತು. ಹನ್ನೆರಡು ದಿನದಿಂದ ಈ ಮನುಷ್ಯ ತನ್ನ ಹರಳೆಣ್ಣೆಯೇ ಒಬ್ಬ ಹುಡುಗನನ್ನು ಕೊಂದಿತೆಂದು ನಂಬಿಕೊಂಡಿದ್ದ. ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ನಾನು ಅದನ್ನು ಸೊಕ್ಕು ಎಂದುಕೊಂಡಿದ್ದೆ.

ಎಸ್ಸೈ ಅವನನ್ನು ಹತ್ತಿರ ಕರೆದರು. ಮುಟ್ಟದೆ ನೋಡಿ ಹೇಳು ಎಂದರು. ಅವನು ಬಂದು ಬಗ್ಗಿದ.

"ಅದು ನಂದಲ್ರಿ. ಔಷಧಿ ಹೊಡಿಯೋ ಪಂಪಿಂದು. ಅಳತಿ ಹೆಚ್ಚುಕಮ್ಮಿ ಒಂದಾ ಐತಿ, ಆದ್ರ ಇದು ನೀರಿನ ರಬ್ಬರು. ಪೆಟ್ರೋಲು ಕುಡದ್ರ ಉಬ್ಬಿ ಮೆತ್ತಗಾಗಿ ಜಾರಿ ಬರ್ತೈತಿ."

ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತದ ಔಷಧಿ ಹೊಡೆಯುವ ಪಂಪು ಈ ಸೀಮೆಯಲ್ಲಿ ಮನೆಗೊಂದು. ಅದರ ರಿಂಗು ಸವೆಯುತ್ತಲೇ ಇರುತ್ತದೆ. ಕಾರಿನ ರಿಂಗು ಬೇಕೆಂದರೆ ಶಿವಮೊಗ್ಗಕ್ಕೆ ಹೋಗಬೇಕು, ಪಂಪಿನ ರಿಂಗು ಕೈ ಚಾಚಿದರೆ ಸಿಗುತ್ತದೆ. ಇಲ್ಲಿಯವರು ಅದನ್ನು ನಲ್ಲಿಗೂ ಹಾಕುತ್ತಾರೆ, ಮೋಟಾರಿಗೂ ಹಾಕುತ್ತಾರೆ. ಯಾರೋ ಇಂಜೆಕ್ಟರಿಗೂ ಹಾಕಿದ್ದರು.

ಅಷ್ಟು ಹೊತ್ತು ಬೈಯುತ್ತಿದ್ದ ಲೋಕೇಶ ಒಮ್ಮೆಲೇ ಸುಮ್ಮನಾದ. ನನ್ನ ಕೈ ಮೇಲಾದದ್ದು ಅವನಿಗೆ ಹಿಡಿಸಲಿಲ್ಲ ಎಂದುಕೊಂಡೆ. ಅರ್ಧ ರಿಂಗನ್ನು ಲಕೋಟೆಗೆ ಹಾಕಿ ಅರಗು ಒತ್ತುವುದನ್ನೇ ಅವನು ನೋಡುತ್ತ ನಿಂತ.

ಎಸ್ಸೈ ನನ್ನ ಕಡೆ ತಿರುಗಿದರು. "ಅಮ್ಮ, ಮಹಜರಿನಲ್ಲಿ ಬರೆದುಕೊಳ್ತೀನಿ. ಆದರೆ ಇಷ್ಟರಿಂದ ಇವರು ಹಾಕಲಿಲ್ಲ ಅಂತ ಆಗಲ್ಲ. ಎಣ್ಣೆ ಮರೆತರು, ರಿಂಗು ಕಡಿಮೆ ಬಿತ್ತು, ಸಿಕ್ಕಿದ್ದು ಹಾಕಿದರು ಅಂತಾರೆ. ಬೇರೆಯವರು ಹಾಕಿದ್ದರೆ ಯಾರು ಅಂತ ತಂದು ತೋರಿಸಿ."

ತಂದು ತೋರಿಸುತ್ತೇನೆ ಎಂದು ಹೇಳಿ ಹೊರಟೆ. ಇಂಥ ಮಾತು ಆಡುವಾಗ ನಾಲಿಗೆಗೆ ಮೂಳೆಯಿರುವುದಿಲ್ಲ.

ನನಗೆ ಧೈರ್ಯ ಕೊಟ್ಟದ್ದು ತಿಂಗಳು. ಔಷಧಿ ಹೊಡೆಯುವುದು ಮಳೆಗಾಲದಲ್ಲಿ. ಆಗ ದಿನಕ್ಕೆ ಐವತ್ತು ರಿಂಗು ಮಾರಿದವನಿಗೆ ಯಾರ ಮುಖವೂ ನೆನಪಿರದು. ಈಗ ಜನವರಿ. ಈಗ ಯಾರಾದರೂ ಪಂಪಿನ ರಿಂಗು ಕೇಳಿದ್ದರೆ ಅಂಗಡಿಯವನು ತಲೆಯೆತ್ತಿ ನೋಡಿರಲೇಬೇಕು.

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಿಕ್ಕಬೀರಪ್ಪನನ್ನು ಕೂರಿಸಿ, ಏಳಬೇಡ ಎಂದು ಹೇಳಿ, ಬಿಡಿಭಾಗದ ಅಂಗಡಿಗಳನ್ನು ಹಿಡಿದೆ. ಮೊದಲಿನವನು ಸಂಕ್ರಾಂತಿಯಿಂದ ಅಂಗಡಿ ತೆಗೆದೇ ಇರಲಿಲ್ಲ. ಎರಡನೆಯವನು ಈಗ ರಿಂಗು ಕೇಳುತ್ತೀರಲ್ಲ ಎಂದು ನಕ್ಕು, ಇಟ್ಟಿಲ್ಲ ಎಂದ. ಮೂರನೆಯದು ಸುರೇಂದ್ರನದು.

ಸುರೇಂದ್ರನ ಬಗ್ಗೆ ನನಗೆ ಮೊದಲೇ ಅನುಮಾನವಿತ್ತು. ಆ ನಾಲ್ಕು ಇಂಜೆಕ್ಟರುಗಳನ್ನು ಮಲ್ಲಿಕಾರ್ಜುನ್‌ಗೆ ತರಿಸಿಕೊಟ್ಟವನು ಇವನೇ. ಹಾಕುವ ಕೆಲಸ ತನಗೆ ಕೊಡದೆ ಹುಡುಗ ಶಿಕಾರಿಪುರಕ್ಕೆ ಹೋದನೆಂದು ಬಸ್ ಸ್ಟ್ಯಾಂಡಿನಲ್ಲೆಲ್ಲ ಉರಿದುಕೊಂಡಿದ್ದ. ನಲವತ್ತರ ಆಸುಪಾಸು, ಕೈತುಂಬ ಗ್ರೀಸು, ಗಿರಾಕಿಯನ್ನು ಸಾಲಗಾರನ ಹಾಗೆ ನೋಡುವ ಕಣ್ಣು.

"ಎಂತ ಬೇಕಿತ್ತು?"

ಪಂಪಿನ ರಿಂಗು ಎಂದೆ.

"ಮಳೆಗಾಲಕ್ಕೆ ಬನ್ನಿ. ಈಗ ಯಾರು ಔಷಧಿ ಹೊಡೀತಾರೆ?"

ಈ ತಿಂಗಳು ಯಾರೂ ಒಯ್ದಿಲ್ಲವೇ ಎಂದು ಕೇಳಿದೆ. ಒಂದೂ ಹೋಗಿಲ್ಲ ಎಂದ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಆ ಹರಳೆಣ್ಣೆಯವರ ಕಡೆಯವ್ರಲ್ದಾ? ಊರಿಡೀ ಗೊತ್ತುಂಟು. ಹೊರಡಿ, ನಂಗೆ ಕೆಲ್ಸ ಇದೆ" ಎಂದ.

ಅವನ ತಲೆಯ ಮೇಲೆ ಮೊಳೆಗೆ ನೇತುಹಾಕಿದ್ದ ರಿಂಗಿನ ಪ್ಯಾಕೆಟ್ಟುಗಳು ಕಂಡವು. ನಾಲ್ಕೈದು ತಿಂಗಳ ಧೂಳು ಕೂತು ಎಲ್ಲವೂ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಮುಂದಿನದೊಂದು ಮಾತ್ರ ಹೊಳೆಯುತ್ತಿತ್ತು, ಅದರ ಬಾಯಿ ಹರಿದಿತ್ತು. ನಾನು ಕೈ ಚಾಚಿದೆ. ಅವನು ಸ್ಪ್ಯಾನರ್ ಹಿಡಿದ ಕೈ ಅಡ್ಡ ತಂದ.

"ಅಂಗಡಿ ಸಾಮಾನು ಮುಟ್ಬೇಡಿ."

"ಮುಟ್ಟಂಗಿಲ್ಲಪ್ಪ. ನೀನಾ ತಗದು ತೋರ್ಸು. ಇಲ್ಲಾಂದ್ರ ಎಸ್ಸೈ ಬಂದು ತಗೀತಾರ."

ಅವನು ಅಲುಗಲಿಲ್ಲ. ನಾನೂ ಅಲುಗಲಿಲ್ಲ. ಹೊರಗೆ ಸಾಗರದ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಅರವತ್ತು ದಾಟಿದ ತಲೆಗೆ ಸ್ಪ್ಯಾನರಿನ ಒಂದು ಪೆಟ್ಟು ಸಾಕು.

ಆದರೂ ಹೇಳಿದೆ. ಸುಟ್ಟ ಎಂಜಿನ್ನಿನಲ್ಲಿ ನೀರಿನ ರಿಂಗು ಸಿಕ್ಕಿದೆ, ಅದಕ್ಕೆ ಅರಗು ಬಿದ್ದಿದೆ, ಲ್ಯಾಬಿನವರು ಅದರ ಜೊತೆಯವನ್ನು ಹುಡುಕಿಕೊಂಡು ಬರುತ್ತಾರೆ. ಆಗ ಪೆಟ್ರೋಲಿಗೆ ನೀರಿನ ರಿಂಗು ಹಾಕಿದವನು ಯಾರು ಎಂದು ಕೇಳಿದರೆ, ಕೆಲಸ ಕೈತಪ್ಪಿ ಉರಿದುಕೊಂಡವನ ಹೆಸರು ನಾನೇ ಹೇಳುತ್ತೇನೆ ಎಂದೆ.

"ನಾ ಹಾಕಿಲ್ಲ" ಎಂದ ಸುರೇಂದ್ರ. "ಕೊಟ್ಟದ್ದು ಅಷ್ಟೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ. ಒಂದೂ ಹೋಗಿಲ್ಲ ಎಂದವನು ಎರಡೇ ನಿಮಿಷದಲ್ಲಿ ಕೊಟ್ಟದ್ದು ಅಷ್ಟೇ ಎಂದಿದ್ದ. ಸ್ಪ್ಯಾನರ್ ಕೆಳಗಿಟ್ಟು, ಒರಸು ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಉಳಿದದ್ದನ್ನೂ ಹೇಳಿದ. ರೇಸಿನ ಹಿಂದಿನ ದಿನ, ಶನಿವಾರ ಸಂಜೆ. ಕೈಯಲ್ಲಿ ಇಂಜೆಕ್ಟರ್ ಹಿಡಿದುಕೊಂಡೇ ಬಂದಿದ್ದರಂತೆ. ಪೆಟ್ರೋಲಿನ ವಾಸನೆ ಬರುತ್ತಿದೆಯೆಂದು ಬಿಚ್ಚಿ ನೋಡುವಾಗ ರಿಂಗು ಹರಿಯಿತಂತೆ, ಆ ಅಳತೆಯದು ಬೇಕಂತೆ. ಇವನು ಪ್ಯಾಕೆಟ್ಟು ಹರಿದು ಒಂದು ತೆಗೆದುಕೊಟ್ಟ.

"ಪೆಟ್ರೋಲಿಗೆ ಅಂತ ಗೊತ್ತಿದ್ದೂ ಕೊಟ್ಯಾ?"

"ನಾ ಹೇಳಿದೆ ಮಾರಾಯ್ರೆ. ಇದು ನೀರಿಂದು, ಉಬ್ತದೆ ಅಂತ ಹೇಳಿದೆ. 'ಗೊತ್ತು, ಕೊಡಿ' ಅಂದ್ಲು."

ಅಂದಳು. ಅಲ್ಲಿಯವರೆಗೂ ನನ್ನ ತಲೆಯಲ್ಲಿದ್ದದ್ದು ಗಂಡಸರೇ.

"ಯಾರು?"

ಸುರೇಂದ್ರ ನನ್ನ ಹೆಗಲಿನಾಚೆ ಬಾಗಿಲ ಕಡೆ ನೋಡಿ ಗದ್ದ ಎತ್ತಿದ.

"ಅವ್ರನ್ನೇ ಕೇಳಿ. ಅವ್ರ ಮಗಳಲ್ದಾ?"

ತಿರುಗಿದೆ. ಹೋಟೆಲಿನಲ್ಲಿ ಕೂರಿಸಿ ಬಂದಿದ್ದ ಚಿಕ್ಕಬೀರಪ್ಪ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ತಿಳಿಯದು. ಕೇಳಬೇಕಾದದ್ದನ್ನೆಲ್ಲ ಕೇಳಿದ್ದ ಎಂದು ಮುಖ ಹೇಳುತ್ತಿತ್ತು.

ನಯನ. ಶನಿವಾರ ಇಡೀ ದಿನ ತೊಗರ್ಸಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ ಎಂದು ನನ್ನ ಎದುರು ಕೂತು ಹೇಳಿದ್ದಳು. ನಾನು ಅದನ್ನು ಪರೀಕ್ಷಿಸಿರಲಿಲ್ಲ. ಕಣ್ಣೀರು ಹಾಕುತ್ತ ಬಂದ ಹುಡುಗಿಯ ಮಾತನ್ನು ಯಾರು ಪರೀಕ್ಷಿಸುತ್ತಾರೆ? ಇಪ್ಪತ್ತೆಂಟು ವರ್ಷದ ಅನುಭವವನ್ನು ಕಟ್ಟಿ ಕೆರೆಗೆಸೆಯಬೇಕೆನಿಸಿತು.

ಅಪ್ಪ ಗ್ರಾಹಕರ ಎಂಜಿನ್ ಮುಟ್ಟಲು ಬಿಡುವುದಿಲ್ಲ, ಆಟೊಮೊಬೈಲ್ ಡಿಪ್ಲೊಮಾ ಮಾಡಿದ್ದು ದಂಡ ಎಂದು ಅವಳು ನನ್ನ ಬಳಿಯೇ ಹೇಳಿಕೊಂಡಿದ್ದಳು. ಯಾವ ರಬ್ಬರಿಗೆ ಪೆಟ್ರೋಲು ಆಗುವುದಿಲ್ಲವೆಂದು ಅವಳಿಗೆ ತಿಳಿಯದಿರಲು ಸಾಧ್ಯವೇ ಇರಲಿಲ್ಲ.

"ಬೀರಣ್ಣ, ತಡೀರಿ" ಎಂದೆ.

ಅವನು ತಡೆಯಲಿಲ್ಲ. ರಸ್ತೆ ದಾಟಿದ. ಬಸ್ಸಿಗೆ ಹೋಗುತ್ತಿದ್ದಾನೆ, ಮಗಳನ್ನು ಕೇಳಲು ಹೋಗುತ್ತಿದ್ದಾನೆ ಎಂದುಕೊಂಡು ಹಿಂದೆ ಓಡಿದೆ. ಬಸ್ ಸ್ಟ್ಯಾಂಡನ್ನು ಬಿಟ್ಟು ಮುಂದೆ ನಡೆದ. ಠಾಣೆಯ ದಾರಿ ಹಿಡಿದನೆಂದು ಗೊತ್ತಾದಾಗ ಅವನು ಐವತ್ತು ಮಾರು ಮುಂದಿದ್ದ.

ನಾನು ಏದುಸಿರು ಬಿಡುತ್ತ ಒಳಗೆ ಹೋಗುವಷ್ಟರಲ್ಲಿ ಅವನು ಎಸ್ಸೈ ಮೇಜಿನ ಮುಂದೆ ನಿಂತಾಗಿತ್ತು. ಅವರು ಬೆಳಗಿನ ಮಹಜರನ್ನು ಓದಿ ತಿದ್ದುತ್ತಿದ್ದರು. ಗೋಡೆಯ ಪಕ್ಕದ ಬೆಂಚಿನಲ್ಲಿ, ದೂರು ಕೊಟ್ಟವನೆಂದು ಸಹಿಗೆ ಕಾಯುತ್ತ, ಲೋಕೇಶ ತಲೆ ತಗ್ಗಿಸಿ ಕೂತಿದ್ದ.

"ಸಾಹೇಬ್ರ, ನಾಕನೇದ್ನೂ ನಾನಾ ಹಾಕೀನಿ. ಬರ್ಕೋರಿ."

ಎಸ್ಸೈ ತಲೆಯೆತ್ತಿದರು. "ಬೆಳಿಗ್ಗೆ ಅದು ನಂದಲ್ಲ ಅಂದ್ರಿ."

"ಸುಳ್ಳು ಹೇಳಿದೆ."

ಅವರು ನನ್ನ ಮುಖ ನೋಡಿದರು. ನನ್ನ ಬಾಯಲ್ಲಿ ಅವನನ್ನು ಬಿಡಿಸುವ ಮಾತಿತ್ತು. ಆಡಿದರೆ ಅವನ ಜಾಗಕ್ಕೆ ಮಗಳು ಬರುತ್ತಿದ್ದಳು. ಚಿಕ್ಕಬೀರಪ್ಪ ನನ್ನ ಕಡೆ ತಿರುಗಿದ. ಅವನ ಕಣ್ಣಿನಲ್ಲಿ ಬೇಡಿಕೆಯಿರಲಿಲ್ಲ. ಬಾಯಿ ಬಿಟ್ಟರೆ ನೋಡಿಕೋ ಎಂಬ ಎಚ್ಚರಿಕೆ ಇತ್ತು. ನಾನು ಬಾಯಿ ಬಿಡಲಿಲ್ಲ. ಅದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

"ಮೂವತ್ತೆರಡು ವರ್ಷ ಈ ಕೆಲಸ ಮಾಡಿದವರು ಪೆಟ್ರೋಲಿಗೆ ನೀರಿನ ರಿಂಗು ಹಾಕ್ತೀರಾ?" ಎಂದರು ಎಸ್ಸೈ. "ಯಾರನ್ನ ಉಳಿಸೋಕೆ ಹೇಳ್ತಿದ್ದೀರಿ? ಗೊತ್ತಿಲ್ಲದೆ ಹಾಕಿದೆ ಅಂದ್ರೆ ನಾನು ನಂಬಲ್ಲ."

"ಗೊತ್ತಿಲ್ದಾ ಹಾಕಿಲ್ರಿ" ಎಂದ ಚಿಕ್ಕಬೀರಪ್ಪ. "ಗೊತ್ತಿದ್ದಾ ಹಾಕೀನಿ."

ಎಸ್ಸೈ ಪೆನ್ನು ಕೆಳಗಿಟ್ಟರು. ಅಲ್ಲಿಯವರೆಗೆ ಅದು ನಿರ್ಲಕ್ಷ್ಯದ ಕೇಸು. ಆ ಒಂದು ಮಾತಿನಿಂದ ಕೊಲೆಯಾಯಿತು. ಅದು ಅವನಿಗೆ ತಿಳಿದಿತ್ತು, ತಿಳಿದೇ ಆಡಿದ್ದ. ಮಗಳು ಅಂಗಡಿಯಲ್ಲಿ ಆಡಿದ ಮಾತನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದ.

ಬೆಂಚಿನಿಂದ ಲೋಕೇಶ ಎದ್ದ. ಹೊಡೆಯಲು ಬರುತ್ತಾನೆಂದು ನಾನು ನಡುವೆ ಹೋದೆ. ಅವನು ನನ್ನನ್ನು ಸರಿಸಿ ಮೇಜಿಗೆ ಎರಡೂ ಕೈ ಊರಿದ. ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಈ ಮುದುಕ ಸುಳ್ಳು ಹೇಳ್ತಿದ್ದಾನೆ ಸಾರ್. ಆ ರಿಂಗು ಹಾಕಿದ್ದು ನಮ್ಮನೆ ಅಂಗಳದಲ್ಲಿ. ಒಂದು ರೇಸಿಗೆ ಸಾಕು ಅಂತ ಇವನ ಮಗಳು ಅದನ್ನ ಹಾಕುವಾಗ ಮೊಬೈಲಿನ ಲೈಟು ಹಿಡಿದವ ನಾನೇ."